ಆ ದಿನ ಆ ಕಾರಿನಲ್ಲಿ ಇದ್ದಿರಬಹುದಾದ ಬೋಲ್ಟು

ಮೊದಲ ಸಲ ಒಂದು ಹಳೆಯ ಕಾರನ್ನು ಪೂರ್ತಿ ಬಿಚ್ಚಿದಾಗ ನಾನು ಮಾಡಿದ ದೊಡ್ಡ ತಪ್ಪು ಎಂಜಿನ್ನಿನಲ್ಲಿ ಆದದ್ದಲ್ಲ, ಬಣ್ಣದಲ್ಲಿ ಆದದ್ದೂ ಅಲ್ಲ. ಒಂದು ಡಬ್ಬಿ ತುಂಬ ತುಕ್ಕು ಹಿಡಿದ ಬೋಲ್ಟುಗಳಿದ್ದವು. ಅವನ್ನು ತೂಕಕ್ಕೆ ಹಾಕಿ ಗುಜರಿಯವನಿಗೆ ಕೊಟ್ಟುಬಿಟ್ಟೆ. ಅವುಗಳ ಜಾಗಕ್ಕೆ ಸ್ಟೇನ್‌ಲೆಸ್ ಸ್ಟೀಲಿನ ಹೊಸ ಬೋಲ್ಟುಗಳು ಬಂದು ಕೂತವು. ಬಾನೆಟ್ ಎತ್ತಿದರೆ ಕಣ್ಣು ಕೋರೈಸುವಂತಿತ್ತು. ಹಳೆಯ ಕಾರುಗಳ ಸ್ಪರ್ಧೆಯ ತೀರ್ಪಿನ ದಿನ ಬಂದ ಹಿರಿಯರೊಬ್ಬರು ಟಾರ್ಚ್ ಬಿಟ್ಟು ನೋಡಿದರು, ಒಂದು ಮಾತೂ ಆಡದೆ ಕೈಯಲ್ಲಿದ್ದ ಹಾಳೆಯ ಮೇಲೆ ಅಂಕ ಕಡಿಯುತ್ತ ಹೋದರು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: “ಇದರ ಬೋಲ್ಟುಗಳು ಎಲ್ಲಿ?”

ಹಳೆಯ ಕಾರಿನ ಜೀರ್ಣೋದ್ಧಾರದಲ್ಲಿ ತೊಡಗಿದವರೆಲ್ಲ ಒಂದಲ್ಲ ಒಂದು ದಿನ ಇಂಥ ಪ್ರಶ್ನೆಗೆ ಎದುರಾಗುತ್ತಾರೆ. ಓಡಿಸಿಕೊಂಡು ಸಂತೋಷಪಡುವುದಕ್ಕೆ ಕಾರು ಸಿದ್ಧಪಡಿಸುವವರ ಮುಂದೆ ಇರುವ ಪ್ರಶ್ನೆ ಸರಳ: ಈ ಭಾಗ ಇಲ್ಲಿ ಕೂರುತ್ತದೆಯೇ, ಕೆಲಸ ಮಾಡುತ್ತದೆಯೇ? ತೀರ್ಪಿಗೆ ನಿಲ್ಲಿಸುವವರ ಪ್ರಶ್ನೆ ಬೇರೆ: ಈ ಕಾರು ಕಾರ್ಖಾನೆಯಿಂದ ಹೊರಬಿದ್ದ ದಿನ ಈ ಭಾಗ ಇದರಲ್ಲಿ ಇದ್ದಿರಲು ಸಾಧ್ಯವೇ? ಚೆನ್ನಾಗಿ ಕೂರುವ, ಚೆನ್ನಾಗಿ ಕೆಲಸ ಮಾಡುವ, ಅದೇ ಕಂಪನಿಯದೇ ಆದ ಭಾಗವೂ ಈ ಎರಡನೆಯ ಪ್ರಶ್ನೆಯಲ್ಲಿ ಸೋಲಬಹುದು. ಮೂರು ಸಲ ರಿಪೇರಿ ಕಂಡ ಹಳೆಯ ತುಂಡು ಗೆಲ್ಲಬಹುದು.

ತೀರ್ಪುಗಾರರು ಹುಡುಕುವುದು ಏನನ್ನು?

ಎಲ್ಲ ಸ್ಪರ್ಧೆಗಳೂ ಒಂದೇ ಜಾತಿಯವಲ್ಲ. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನಲ್ಲಿ 1950ರಿಂದ ನಡೆಯುತ್ತಿರುವಂಥ ಕಾನ್ಕೋರ್ಸ್ ಎಂಬ ಕಾರು ಸ್ಪರ್ಧೆ‌ಗಳಲ್ಲಿ ನೈಜತೆಯ ಜೊತೆಗೆ ಕಾರಿನ ಸೌಂದರ್ಯ, ಇತಿಹಾಸ, ಅಪರೂಪ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಒಂದೇ ಮಾದರಿಯ ಕಾರುಗಳಿಗೆ ಮೀಸಲಾದ ಸಂಘಗಳ ತೀರ್ಪು ಹಾಗಲ್ಲ; ಅಲ್ಲಿ ನಡೆಯುವುದು ಪರೀಕ್ಷೆ. 1974ರಲ್ಲಿ ಹುಟ್ಟಿದ ನ್ಯಾಷನಲ್ ಕಾರ್ವೆಟ್ ರಿಸ್ಟೋರರ್ಸ್ ಸೊಸೈಟಿ ಇದಕ್ಕೆ ಒಳ್ಳೆಯ ಉದಾಹರಣೆ (ಕಾರ್ವೆಟ್ ಎಂದರೆ ಜನರಲ್ ಮೋಟಾರ್ಸ್ ಕಂಪನಿ ಷೆವ್ರೊಲೆ ಹೆಸರಿನಲ್ಲಿ ತಯಾರಿಸುವ ಸ್ಪೋರ್ಟ್ಸ್ ಕಾರು). ಅಲ್ಲಿ ಒಟ್ಟು ಸುಮಾರು 4,500 ಅಂಕ. ಶೇ. 94 ದಾಟಿದರೆ ‘ಟಾಪ್ ಫ್ಲೈಟ್’, 85 ದಾಟಿದರೆ ಎರಡನೆಯ ದರ್ಜೆ, 75 ದಾಟಿದರೆ ಮೂರನೆಯದು. ಅಂದರೆ ಮೇಲಿನ ದರ್ಜೆ ಬೇಕೆಂದರೆ ಇಡೀ ಕಾರಿನಲ್ಲಿ ಕಳೆದುಕೊಳ್ಳಬಹುದಾದದ್ದು 270 ಅಂಕ ಮಾತ್ರ. 1935ರಷ್ಟು ಹಳೆಯದಾದ ಆಂಟೀಕ್ ಆಟೊಮೊಬೈಲ್ ಕ್ಲಬ್ ಆಫ್ ಅಮೆರಿಕದ್ದು 400 ಅಂಕಗಳ ಪದ್ಧತಿ. ಸಂಖ್ಯೆಗಳು ಬೇರೆಯಾದರೂ ಅಳತೆಗೋಲು ಹೆಚ್ಚುಕಡಿಮೆ ಒಂದೇ: ಕಾರ್ಖಾನೆ ಜೋಡಿಸಿ, ಮಾರಾಟಗಾರ ಒರೆಸಿ, ಗಿರಾಕಿಯ ಕೈಗೆ ಕೊಟ್ಟ ಸ್ಥಿತಿ. ಅದಕ್ಕಿಂತ ಕೆಟ್ಟದಾಗಿದ್ದರೆ ಅಂಕ ಹೋಗುತ್ತದೆ. ಅದಕ್ಕಿಂತ ಚೆನ್ನಾಗಿದ್ದರೆ ಹೆಚ್ಚು ಅಂಕವೇನೂ ಸಿಗುವುದಿಲ್ಲ. ನೈಜತೆಯನ್ನೇ ಪಟ್ಟಾಗಿ ಹಿಡಿದ ಸಂಘಗಳಲ್ಲಿ ಅದಕ್ಕೂ ಅಂಕ ಹೋಗುತ್ತದೆ.

ಈ ಕೊನೆಯ ಮಾತು ಹೊಸಬರಿಗೆ ಗಂಟಲಲ್ಲಿ ಇಳಿಯುವುದಿಲ್ಲ. 1960ರ ದಶಕದ ಕಾರ್ಖಾನೆಯಲ್ಲಿ ಬಣ್ಣ ಹೊಡೆಯುತ್ತಿದ್ದವನಿಗೆ ಮುಂದಿನ ಕಾರು ಆಗಲೇ ಬಂದು ನಿಂತಿರುತ್ತಿತ್ತು. ಕಣ್ಣಿಗೆ ಬೀಳದ ಮೂಲೆಗಳಲ್ಲಿ ಬಣ್ಣ ತೆಳುವಾಗಿರುತ್ತಿತ್ತು, ಅಡಿಯಲ್ಲಿ ಸಿಡಿದಿರುತ್ತಿತ್ತು, ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗಿರುತ್ತಿತ್ತು. ಆಗ ಜನರಲ್ ಮೋಟಾರ್ಸ್ ಬಳಸುತ್ತಿದ್ದದ್ದು ಅಕ್ರಿಲಿಕ್ ಲ್ಯಾಕರ್, ಫೋರ್ಡ್ ಬಳಸುತ್ತಿದ್ದದ್ದು ಎನಾಮಲ್. ಇವತ್ತಿನ ಎರಡು ಪದರದ ಬಣ್ಣ ಕೊಡುವ ಗಾಜಿನಂಥ ಆಳ ಆ ಎರಡರಲ್ಲೂ ಇರಲಿಲ್ಲ. ಕನ್ನಡಿಯಂತೆ ಹೊಳೆಯುವ ಚಾಸಿ ನೋಡಿ ಜನ ಚಪ್ಪಾಳೆ ತಟ್ಟುತ್ತಾರೆ, ತೀರ್ಪುಗಾರ ಪೆನ್ನಿನ ಮುಚ್ಚಳ ತೆಗೆಯುತ್ತಾನೆ.

ಕಾರ್ವೆಟ್ ಸಂಘದವರು ಒಂದೊಂದು ಭಾಗವನ್ನೂ ಐದು ಕೋನಗಳಿಂದ ನೋಡುತ್ತಾರೆ. ಅದರ ರೂಪ ಸರಿಯಾಗಿದೆಯೇ, ತಯಾರಾದ ದಿನಾಂಕ ಹೊಂದುತ್ತದೆಯೇ, ಎಲ್ಲ ಅಂಗಗಳೂ ಇವೆಯೇ, ಕೂರಿಸಿದ ಬಗೆ ಸರಿಯೇ, ಮೇಲಿನ ಲೇಪ ಆ ಕಾಲದ್ದೇ? ಈ ಐದನ್ನು ಬೇರೆ ಬೇರೆ ಮಾಡಿ ಯೋಚಿಸಲು ಕಲಿತವರಿಗೆ ಅರ್ಧ ದುಡ್ಡು ಉಳಿಯುತ್ತದೆ. ಹೇಗೆಂದು ಕೊನೆಯಲ್ಲಿ ಹೇಳುತ್ತೇನೆ. ಮೊದಲು ದಿನಾಂಕದ ವಿಷಯ ಮುಗಿಸೋಣ, ಏಕೆಂದರೆ ಎಲ್ಲರೂ ಎಡವುವುದು ಅಲ್ಲೇ.

ಎರಕದಲ್ಲಿ ಬರೆದ ಜಾತಕ

ಎರಕ ಹೊಯ್ದ ಭಾಗಗಳ ಮೇಲೆ ಸಾಮಾನ್ಯವಾಗಿ ಎರಡು ಬಗೆಯ ಬರಹ ಇರುತ್ತದೆ. ಒಂದು ಎರಕದ ಸಂಖ್ಯೆ: ಇದು ಅಚ್ಚಿನ ಗುರುತು, ಯಾವ ವಿನ್ಯಾಸ ಎಂದು ಹೇಳುತ್ತದೆ. ಇನ್ನೊಂದು ದಿನಾಂಕದ ಸಂಕೇತ: ಕಾದ ಕಬ್ಬಿಣ ಅಚ್ಚಿಗೆ ಇಳಿದದ್ದು ಯಾವತ್ತು ಎಂದು ಹೇಳುತ್ತದೆ. ಮೊದಲನೆಯದು ಭಾಗದ ಕುಲ, ಎರಡನೆಯದು ಅದರ ಜಾತಕ. ಕುಲ ನೋಡಿ ಒಪ್ಪಿ, ಜಾತಕ ನೋಡಲು ಮರೆತು ಕೈ ಸುಟ್ಟುಕೊಂಡವರ ಸಂಖ್ಯೆ ಸಣ್ಣದಲ್ಲ.

ಒಂದು ಕಾರನ್ನು ಕಲ್ಪಿಸಿಕೊಳ್ಳಿ. 427 ಘನ ಅಂಗುಲದ ದೊಡ್ಡ ಎಂಜಿನ್ನಿನ ಕಾರ್ವೆಟ್, ಸೇಂಟ್ ಲೂಯಿ ಕಾರ್ಖಾನೆಯಲ್ಲಿ 1967ರ ಏಪ್ರಿಲ್ 10ರಂದು ಜೋಡಣೆ ಮುಗಿಯಿತು ಎನ್ನೋಣ. ಅದರ ಎಂಜಿನ್ ಬ್ಲಾಕಿನ ಮೇಲೆ ‘ಸಿ 14 7’ ಎಂದಿದೆ. ಷೆವ್ರೊಲೆಯ ಲೆಕ್ಕದಲ್ಲಿ ‘ಎ’ ಎಂದರೆ ಜನವರಿ, ‘ಬಿ’ ಫೆಬ್ರವರಿ, ‘ಸಿ’ ಮಾರ್ಚ್. ಹಾಗಾಗಿ ಬ್ಲಾಕ್ ಎರಕವಾದದ್ದು 1967ರ ಮಾರ್ಚ್ 14ರಂದು. ಎಂಜಿನ್ನಿನ ಮುಂಭಾಗದಲ್ಲಿ, ಬಲಬದಿಯ ಸಿಲಿಂಡರ್ ಹೆಡ್ಡಿನ ಮುಂದೆ, ಒಂದು ಚಪ್ಪಟೆ ಜಾಗವಿದೆ. ಅಲ್ಲಿ ಒತ್ತಿದ ಅಕ್ಷರಗಳು ‘ಟಿ0322’ ಎಂದು ಶುರುವಾಗುತ್ತವೆ. ‘ಟಿ’ ಎಂದರೆ ಟೊನವಾಂಡ ಎಂಜಿನ್ ಕಾರ್ಖಾನೆ. 0322 ಎಂದರೆ ಮೂರನೆಯ ತಿಂಗಳ 22. ಬ್ಲಾಕ್ ಎರಕವಾಗಿ ಎಂಟು ದಿನಕ್ಕೆ ಎಂಜಿನ್ ಜೋಡಣೆಯಾಗಿದೆ, ಅದಾಗಿ ಮೂರು ವಾರದೊಳಗೆ ಕಾರು ಹೊರಬಿದ್ದಿದೆ. ಕಥೆ ಹೊಂದುತ್ತದೆ.

ಈಗ ಸ್ಟಾರ್ಟರ್ ಮೋಟಾರ್ ನೋಡಿ: ‘7ಬಿ20’. ಅದನ್ನು ತಯಾರಿಸಿದ ಡೆಲ್ಕೊ ರೆಮಿಯವರು ವರ್ಷವನ್ನು ಮೊದಲು ಬರೆಯುತ್ತಿದ್ದರು, ಆದ್ದರಿಂದ ಇದು 1967ರ ಫೆಬ್ರವರಿ 20. ಸರಿ. ಕಾರ್ಬ್ಯುರೇಟರ್ ‘ಹಾಲಿ’ ಎಂಬ ಕಂಪನಿಯದು, ಮೇಲೆ ‘731’ ಎಂಬ ಮೂರು ಅಂಕಿ: ವರ್ಷ, ತಿಂಗಳು, ವಾರ. 1967ರ ಮಾರ್ಚ್ ತಿಂಗಳ ಮೊದಲ ವಾರ. ಸರಿ. ಕಿಟಕಿಯ ಗಾಜು ಲಿಬ್ಬಿ ಓವೆನ್ಸ್ ಫೋರ್ಡ್ ಕಂಪನಿಯದು. ಅವರ ತಿಂಗಳ ಅಕ್ಷರಗಳು ವರ್ಣಮಾಲೆಯ ಕ್ರಮವನ್ನೇ ಬಿಟ್ಟುಬಿಟ್ಟಿವೆ: ಜನವರಿಗೆ ‘ಎನ್’, ಫೆಬ್ರವರಿಗೆ ‘ಎಕ್ಸ್’, ಮಾರ್ಚ್‌ಗೆ ‘ಎಲ್’. ಪಟ್ಟಿ ಕೈಯಲ್ಲಿಲ್ಲದೆ ಓದಲು ಹೋದರೆ ತಲೆ ಕೆಡುತ್ತದೆ.

ಉಳಿದದ್ದು ವಾಟರ್ ಪಂಪ್. ಹಳೆಯದು ಬಿರುಕು ಬಿಟ್ಟಿದೆ, ಮಾರುಕಟ್ಟೆಯಲ್ಲಿ ಎರಡು ಸಿಗುತ್ತಿವೆ. ಎರಡರ ಎರಕದ ಸಂಖ್ಯೆಯೂ ಸರಿಯಾಗಿದೆ. ಒಂದು ತೊಳೆದು ಬಣ್ಣ ಬಳಿದು ಥಳಥಳಿಸುತ್ತಿದೆ, ಅದರ ದಿನಾಂಕ ‘ಡಿ 25 7’. ಇನ್ನೊಂದು ಗ್ರೀಸು ಮೆತ್ತಿಕೊಂಡು ಕೂತಿದೆ, ‘ಎ 9 7’. ಮೊದಲನೆಯದು ಹುಟ್ಟಿದ್ದು ಏಪ್ರಿಲ್ 25ರಂದು. ಅಷ್ಟು ಹೊತ್ತಿಗೆ ನಮ್ಮ ಕಾರು ಕಾರ್ಖಾನೆಯ ಗೇಟು ದಾಟಿ ಹದಿನೈದು ದಿನವಾಗಿತ್ತು. ಮಗ ಅಪ್ಪನಿಗಿಂತ ಮೊದಲು ಹುಟ್ಟಿದಂತಾಯಿತು. ಗ್ರೀಸು ಮೆತ್ತಿದ ಜನವರಿ 9ರ ಪಂಪನ್ನೇ ಕೊಳ್ಳಬೇಕು.

ಕಾರಿಗಿಂತ ಎಷ್ಟು ಮೊದಲಿನ ದಿನಾಂಕ ಇದ್ದರೆ ನಡೆಯುತ್ತದೆ? ಬಿಡಿಭಾಗ ಎರಕವಾಗಿ, ಕೊರೆದು, ಜೋಡಣೆಯಾಗಿ, ರೈಲಿನಲ್ಲೋ ಲಾರಿಯಲ್ಲೋ ಬಂದು, ಕಾರಿಗೆ ಕೂರುವ ಹೊತ್ತಿಗೆ ಕೆಲವು ವಾರಗಳಿಂದ ಕೆಲವು ತಿಂಗಳು ಹಿಡಿಯುತ್ತಿತ್ತು. ಸಾಮಾನ್ಯವಾಗಿ ಆರು ತಿಂಗಳವರೆಗೆ ತೀರ್ಪುಗಾರರು ತಕರಾರು ಮಾಡುವುದಿಲ್ಲ. ಅದಕ್ಕೂ ಹಿಂದಿನದಾದರೆ ಕಾಗದಪತ್ರದ ಬೆಂಬಲ ಬೇಕು. ಕಾರಿನ ನಂತರದ್ದಾದರೆ ಯಾವ ವಕೀಲನೂ ಉಳಿಸಲಾರ.

ಇನ್ನೆರಡು ಹೊಂಡಗಳಿವೆ. ವರ್ಷಕ್ಕೆ ಒಂದೇ ಅಂಕಿ ಬರೆದಿರುವುದರಿಂದ ‘7’ ಎಂದರೆ 1957, 1967, 1977 ಯಾವುದೂ ಆಗಬಹುದು. ದಶಕ ತಿಳಿಯಲು ಎರಕದ ಸಂಖ್ಯೆಗೇ ಮರಳಬೇಕು. ಎರಡನೆಯದು ಇನ್ನೂ ಮೋಜಿನದು. ಷೆವ್ರೊಲೆಯ ಎರಕಗಳಲ್ಲಿ ‘ಐ’ ಅಕ್ಷರವೂ ಲೆಕ್ಕಕ್ಕಿದೆ, ಹಾಗಾಗಿ ‘ಜೆ’ ಎಂದರೆ ಅಕ್ಟೋಬರ್. ಫೋರ್ಡಿನವರು ‘ಐ’ ಅನ್ನು ಒಂದು ಎಂಬ ಅಂಕಿಯೆಂದು ತಪ್ಪು ಓದಬಾರದೆಂದು ಬಿಟ್ಟುಬಿಟ್ಟರು, ಹಾಗಾಗಿ ಅವರಲ್ಲಿ ‘ಜೆ’ ಎಂದರೆ ಸೆಪ್ಟೆಂಬರ್. ಎರಡೂ ಕಂಪನಿಯ ಕಾರುಗಳನ್ನು ಒಂದೇ ಶೆಡ್ಡಿನಲ್ಲಿ ಇಟ್ಟುಕೊಂಡವರು ಗೋಡೆಗೆ ಎರಡು ಪಟ್ಟಿ ಅಂಟಿಸಿಕೊಳ್ಳುವುದು ಒಳ್ಳೆಯದು. ರೋಚೆಸ್ಟರ್ ಕ್ವಾಡ್ರಾಜೆಟ್ ಕಾರ್ಬ್ಯುರೇಟರ್‌ನಲ್ಲಿ ತಿಂಗಳೇ ಇಲ್ಲ: ‘0739’ ಎಂದಿದ್ದರೆ 1969ರ 73ನೆಯ ದಿನ, ಅಂದರೆ ಮಾರ್ಚ್ 14.

ಅಮೆರಿಕದ ಕಾರುಗಳ ಮಾದರಿ ವರ್ಷ ಹಿಂದಿನ ವರ್ಷದ ಆಗಸ್ಟ್ ಅಥವಾ ಸೆಪ್ಟೆಂಬರ್ ಹೊತ್ತಿಗೇ ಶುರುವಾಗುತ್ತಿತ್ತು ಎಂಬುದನ್ನೂ ಮರೆಯಬಾರದು. 1967ರ ಮಾದರಿಯ ಕಾರಿನಲ್ಲಿ 1966ರ ದಿನಾಂಕ ಕಂಡರೆ ಬೆಚ್ಚಬೇಕಿಲ್ಲ.

ಡಬ್ಬಿಯ ನಂಬರ್ ಬೇರೆ, ಒಳಗಿನ ನಂಬರ್ ಬೇರೆ

ಫೋರ್ಡಿನ ಬಿಡಿಭಾಗದ ಸಂಖ್ಯೆ ಓದಲು ಕಲಿತರೆ ಉಳಿದವರದ್ದು ಓದುವ ಧೈರ್ಯ ಬರುತ್ತದೆ. ‘ಸಿ5ಜೆಡ್‌ಜೆಡ್’ ಎಂದು ಶುರುವಾಗುವ ಒಂದು ಡಬ್ಬಿ ಸಿಕ್ಕಿತೆನ್ನಿ. ‘ಸಿ’ ಎಂದರೆ 1960ರ ದಶಕ (‘ಬಿ’ 50ರದು, ‘ಡಿ’ 70ರದು). 5 ಎಂದರೆ 1965. ಮೂರನೆಯ ಅಕ್ಷರ ಕಾರಿನ ವಂಶ: ‘ಜೆಡ್’ ಮಸ್ಟಾಂಗ್, ‘ಎ’ ದೊಡ್ಡ ಫೋರ್ಡ್, ‘ಒ’ ಫೇರ್‌ಲೇನ್. ನಾಲ್ಕನೆಯದೇ ಗುಟ್ಟು. ಅಲ್ಲಿ ‘ಜೆಡ್’ ಇದ್ದರೆ ಅದು ಮಾರಾಟಗಾರರ ಕೌಂಟರಿನಲ್ಲಿ ಸಿಗುತ್ತಿದ್ದ ಬಿಡಿಭಾಗದ ಸಂಖ್ಯೆ. ‘ಇ’ ಇದ್ದರೆ ಎಂಜಿನ್ ವಿಭಾಗದ ಎಂಜಿನಿಯರುಗಳು ಕೊಟ್ಟ ಸಂಖ್ಯೆ. ಇವಾದ ಮೇಲೆ ಬರುವ ಅಂಕಿಗಳು ಭಾಗ ಯಾವುದೆಂದು ಹೇಳುತ್ತವೆ: 9510 ಎಂದರೆ ಕಾರ್ಬ್ಯುರೇಟರ್, 12127 ಎಂದರೆ ಡಿಸ್ಟ್ರಿಬ್ಯೂಟರ್.

ಡಬ್ಬಿಯ ಮೇಲೆ ಅಂಟಿಸುತ್ತಿದ್ದದ್ದು ಕೌಂಟರಿನ ಸಂಖ್ಯೆ. ಲೋಹದ ಮೇಲೆ ಎದ್ದು ಕಾಣುವುದು ಎಂಜಿನಿಯರುಗಳ ಸಂಖ್ಯೆ. ಎರಡೂ ಹೊಂದದೇ ಇರುವುದೇ ಸರಿ. ಇದು ತಿಳಿಯದೆ ಸರಿಯಾದ ಮಾಲನ್ನು ಮೋಸವೆಂದು ವಾಪಸು ಕಳಿಸಿದವರನ್ನು ಕಂಡಿದ್ದೇನೆ. ಅದನ್ನು ಅರ್ಧ ಬೆಲೆಗೆ ಕೊಂಡು ಸುಮ್ಮನೆ ಮನೆಗೆ ಒಯ್ದವರನ್ನೂ ಕಂಡಿದ್ದೇನೆ.

ಜೊತೆಗೆ ಇನ್ನೊಂದು ವಿಷಯ. ಸಂಖ್ಯೆಯಲ್ಲಿರುವ ವರ್ಷ, ಆ ವಿನ್ಯಾಸ ಮೊದಲು ಹುಟ್ಟಿದ ವರ್ಷ. ಭಾಗ ತಯಾರಾದ ವರ್ಷವಲ್ಲ. 1964ರ ಸಂಖ್ಯೆ ಹೊತ್ತ ಎರಕ 1966ರ ಕಾರಿನಲ್ಲಿ ಇರುವುದು ಮಾಮೂಲಿ, ದೊಡ್ಡ ಫೋರ್ಡಿಗೆಂದು ಗುರುತಾದ ಭಾಗ ಮಸ್ಟಾಂಗಿನಲ್ಲಿ ಇರುವುದೂ ಮಾಮೂಲಿ. ವಿನ್ಯಾಸದ ಸಂಖ್ಯೆ ಮತ್ತು ದಿನಾಂಕ ಎರಡನ್ನೂ ಒಟ್ಟಿಗೆ ಓದದೆ ತೀರ್ಮಾನಕ್ಕೆ ಬರಬಾರದು.

‘ಹಳೆಯ ದಾಸ್ತಾನು, ಬಳಸಿಲ್ಲ’

ಮಾರಾಟದ ಜಾಹೀರಾತುಗಳಲ್ಲಿ ‘ಎನ್‌ಒಎಸ್’ (ನ್ಯೂ ಓಲ್ಡ್ ಸ್ಟಾಕ್) ಎಂಬ ಮೂರಕ್ಷರ ಕಂಡರೆ ಜನರ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಆ ಕಾಲದಲ್ಲಿ ತಯಾರಾಗಿ, ಯಾರೂ ಬಳಸದೆ, ಡಬ್ಬಿಯಲ್ಲೇ ಉಳಿದ ಕಂಪನಿಯ ಮಾಲು ಎಂದು ಅರ್ಥ. ತೀರ್ಪಿನ ಕಣ್ಣಿನಲ್ಲಿ ಮಾತ್ರ ಇದು ಮುಕ್ತಿಯ ಹಾದಿಯಲ್ಲ.

ಕಾರಣ ಸರಳ. ಕಾರ್ಖಾನೆ ಒಂದು ಮಾದರಿಯನ್ನು ತಯಾರಿಸುತ್ತಿರುವಾಗ ಅದರ ಭಾಗದಲ್ಲಿ ಮೂರು ಸಣ್ಣ ಬದಲಾವಣೆ ಆಗಿರಬಹುದು. ಆಮೇಲೆ ಬಿಡಿಭಾಗಗಳ ಗೋದಾಮಿನವರು ಮೂರನ್ನೂ ಇಟ್ಟುಕೊಳ್ಳಲು ಮನಸ್ಸು ಮಾಡುವುದಿಲ್ಲ; ಎಲ್ಲಕ್ಕೂ ಹೊಂದುವ ಒಂದನ್ನು ಮಾಡಿಸಿ, ಹಳೆಯ ಮೂರು ಸಂಖ್ಯೆಗಳನ್ನು ರದ್ದುಮಾಡಿ, ಹೊಸ ಸಂಖ್ಯೆ ಕೊಡುತ್ತಾರೆ. ಹಾಗಾಗಿ ಡಬ್ಬಿಯಲ್ಲಿ ಸಿಗುವ ಫೆಂಡರಿನಲ್ಲಿ ನಿಮ್ಮ ಕಾರಿಗೆ ಬೇಡದ ಎರಡು ತೂತು ಇರಬಹುದು, ಬ್ರಾಕೆಟ್ಟಿನಲ್ಲಿ ಒಂದು ಬಾಗು ಹೆಚ್ಚಿರಬಹುದು. 1968ರ ಹೊತ್ತಿಗೆ ಅಮೆರಿಕದಲ್ಲಿ ಕಾರಿನ ಪಕ್ಕಗಳಲ್ಲಿ ದೀಪ ಅಥವಾ ಪ್ರತಿಫಲಕ ಕಡ್ಡಾಯವಾಯಿತು. ಅಂಥ ಒಂದೊಂದು ನಿಯಮ ಬಂದಾಗಲೂ ಭಾಗಗಳ ಸಂಸಾರದಲ್ಲಿ ಹೊಸಬರು ಸೇರಿಕೊಂಡಿದ್ದಾರೆ. ಕಂಪನಿಯದೇ ಮಾಲು, ಕಂಪನಿಯದೇ ಡಬ್ಬಿ, ಆದರೆ ಆ ಕಾರಿನಲ್ಲಿ ಆ ದಿನ ಇದ್ದ ಮಾಲಲ್ಲ. ಮಸ್ಟಾಂಗ್ ಸಂಘದಲ್ಲಿ ‘ಥರೋಬ್ರೆಡ್’ ಎಂಬ ಅತಿ ಕಟ್ಟುನಿಟ್ಟಿನ ವರ್ಗವಿದೆ. ಅಲ್ಲಿ ಕೌಂಟರಿನ ಭಾಗಕ್ಕೂ ಜೋಡಣೆಯ ಸಾಲಿನ ಭಾಗಕ್ಕೂ ಇರುವ ಈ ವ್ಯತ್ಯಾಸವೇ ಇಡೀ ಆಟ.

ಹೊಸದಾಗಿ ನಕಲು ಮಾಡಿದ ಭಾಗಗಳನ್ನು ಕೀಳಾಗಿ ಕಾಣುವುದು ಒಂದು ಷೋಕಿಯಾಗಿದೆ. ನನಗದು ಪೂರ್ತಿ ಒಪ್ಪಿಗೆಯಿಲ್ಲ. ರಬ್ಬರು, ಬೆಲ್ಟು, ರೇಡಿಯೇಟರ್ ಹೋಸು, ಸೀಟಿನ ಬಟ್ಟೆ ಇವೆಲ್ಲ ಕಾಲಕ್ಕೆ ಕರಗುವ ವಸ್ತುಗಳು. ನಕಲು ಇಲ್ಲದಿದ್ದರೆ ಕಾರುಗಳೇ ನಿಲ್ಲುವುದಿಲ್ಲ. ಒಳ್ಳೆಯ ನಕಲುಗಾರರು ಬರಹವನ್ನೂ ಬಿಡದೆ ಮಾಡುತ್ತಾರೆ. ಜನರಲ್ ಮೋಟಾರ್ಸ್ ಕಾರುಗಳ ಸ್ಪಾರ್ಕ್ ಪ್ಲಗ್ ತಂತಿಗಳ ಮೇಲೆ ವರ್ಷದ ಕಾಲುಭಾಗ ಅಚ್ಚಾಗಿರುತ್ತಿತ್ತು, ‘1ಕ್ಯೂ-67’ ಎಂಬಂತೆ. ಇವತ್ತು ನಿಮಗೆ ಬೇಕಾದ ಕಾಲುಭಾಗ ಹೇಳಿ ತಂತಿ ತರಿಸಿಕೊಳ್ಳಬಹುದು. ಎರಕದ ಭಾಗಗಳಲ್ಲಿ ಮಾತ್ರ ನಕಲು ಬೇಗ ಸಿಕ್ಕಿಬೀಳುತ್ತದೆ. ಮೇಲ್ಮೈಯ ಮರಳಿನ ತರಿ ಬೇರೆ, ಅಕ್ಷರಗಳ ಅಂಚು ಬೇರೆ, ಅಚ್ಚಿನ ಎರಡು ಹೋಳು ಸೇರುವ ಗೆರೆ ಬೇರೆ ಜಾಗದಲ್ಲಿ. ಹೆಡ್‌ಲೈಟಿನಲ್ಲಿ ‘ಟಿ-3’ ಎಂಬ ತ್ರಿಕೋನ ಮುದ್ರೆ ಇಲ್ಲದ 60ರ ದಶಕದ ಷೆವ್ರೊಲೆಯನ್ನು ತೀರ್ಪುಗಾರ ಹತ್ತು ಅಡಿ ದೂರದಿಂದಲೇ ಗುರುತಿಸುತ್ತಾನೆ.

ಹಾಗಾದರೆ ಎಲ್ಲಕ್ಕಿಂತ ಒಳ್ಳೆಯ ಮೂಲ ಯಾವುದು? ನಿಮ್ಮ ಕಾರೇ. ಬಿಚ್ಚಿದ ಭಾಗಕ್ಕೆ ಚೀಟಿ ಕಟ್ಟಿ, ಮುಂದಿನಿಂದ, ಹಿಂದಿನಿಂದ, ಅಡಿಯಿಂದ ಫೋಟೊ ತೆಗೆದು, ಆಮೇಲೆ ತೊಳೆಯಬೇಕು. ತೊಳೆದ ಮೇಲೆ ಫೋಟೊ ತೆಗೆಯುವವರೇ ಹೆಚ್ಚು. ಅಷ್ಟರಲ್ಲಿ ತಪಾಸಣೆಗಾರ ಬಳಪದಲ್ಲಿ ಎಳೆದ ಗೀಟು, ಬಿಗಿ ಮಾಡಿದ್ದಕ್ಕೆ ಗುರುತಾಗಿ ಹಚ್ಚಿದ ಬಣ್ಣದ ಬೊಟ್ಟು ಎಲ್ಲವೂ ಚರಂಡಿ ಸೇರಿರುತ್ತದೆ. ಬಿರುಕು ಬಿಟ್ಟ ಎರಕವನ್ನು ಹೊಲಿಗೆ ಹಾಕಿದಂತೆ ಲೋಹದ ಪಿನ್ನುಗಳಿಂದ ಜೋಡಿಸಬಹುದು. ಸವೆದ ಕಾರ್ಬ್ಯುರೇಟರ್ ಷಾಫ್ಟಿಗೆ ಬುಷ್ ಹಾಕಬಹುದು. ಹಾಳಾದ ಮರೆಗೆ, ಅಂದರೆ ಬೋಲ್ಟು ಹಿಡಿಯುವ ತಿರುಪಿನ ಸುತ್ತಿಗೆ, ಒಳಸುರುಳಿ ಕೂರಿಸಬಹುದು. ರಿಪೇರಿಗೆ ತಗಲುವ ಖರ್ಚು ಹೊಸದಕ್ಕಿಂತ ಹೆಚ್ಚಾದರೂ ಜಾತಕ ಹೊಂದುವ ಭಾಗವನ್ನು ಎಸೆಯಬಾರದು.

ಕಾಗದದ ಸಾಕ್ಷಿ

ಕಾರು ಎಂದು ಹುಟ್ಟಿತು, ಯಾವ ಬಣ್ಣದಲ್ಲಿ, ಯಾವ ಎಂಜಿನ್ ಹೊತ್ತು ಎಂಬುದು ಖಚಿತವಾಗದೆ ಒಂದು ಭಾಗವನ್ನೂ ಕೊಳ್ಳಬಾರದು. 1967ರಿಂದ ಕಾರ್ವೆಟ್‌ನ ಪೆಟ್ರೋಲ್ ಟ್ಯಾಂಕಿನ ನೆತ್ತಿಗೆ ಜೋಡಣೆಯ ವಿವರವಿರುವ ಒಂದು ಹಾಳೆ ಅಂಟಿಸುತ್ತಿದ್ದರು. ಟ್ಯಾಂಕ್ ಇಳಿಸುವಾಗ ನೀರು ಹಾಯಿಸದೆ ಜೋಪಾನವಾಗಿ ಇಳಿಸಿದರೆ ಅದು ಇನ್ನೂ ಅಲ್ಲೇ ಇರಬಹುದು. ಕ್ರೈಸ್ಲರ್ ಕಾರುಗಳಲ್ಲಿ ಇಂಥ ಹಾಳೆ ಸೀಟಿನ ಸ್ಪ್ರಿಂಗುಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಅಮೆರಿಕದ ಫೋರ್ಡುಗಳಾದರೆ 1967ರಿಂದ ಈಚಿನವಕ್ಕೆ ಕಂಪನಿಯ ದತ್ತಾಂಶದಿಂದಲೇ ತೆಗೆದ ಮಾರ್ಟಿ ವರದಿ ಸಿಗುತ್ತದೆ. ಎಂಜಿ, ಆಸ್ಟಿನ್, ಮೋರಿಸ್ ಇಟ್ಟುಕೊಂಡವರು ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಮ್ಮಿಗೆ ಬರೆದರೆ ಉತ್ಪಾದನೆಯ ದಾಖಲೆ ನೋಡಿ ಪ್ರಮಾಣಪತ್ರ ಕೊಡುತ್ತಾರೆ. ಫೆರಾರಿಯವರು 2006ರಲ್ಲಿ ‘ಕ್ಲಾಸಿಕೆ’ ಎಂಬ ವಿಭಾಗವನ್ನೇ ತೆರೆದರು. ಹಳೆಯ ದಾಖಲೆಗಳ ಜೊತೆ ಕಾರಿನ ಚಾಸಿ, ಎಂಜಿನ್, ಗೇರ್‌ಬಾಕ್ಸ್ ತಾಳೆ ನೋಡಿ ದೃಢೀಕರಿಸುವುದು ಅದರ ಕೆಲಸ.

ಪುಸ್ತಕಗಳಲ್ಲಿ ಬಿಡಿಭಾಗಗಳ ಕ್ಯಾಟಲಾಗಿಗಿಂತ ಕಾರ್ಖಾನೆಯ ಜೋಡಣೆ ಕೈಪಿಡಿಯನ್ನು ನಂಬಿ. ಕ್ಯಾಟಲಾಗು ಮಾರುವವನಿಗಾಗಿ ಬರೆದದ್ದು. ಆಗಾಗ ತಿದ್ದಿದ್ದರಿಂದ ಅದರ ಕೊನೆಯ ಮುದ್ರಣದಲ್ಲಿ ನಿಮ್ಮ ಕಾರಿನ ಮೂಲ ಸಂಖ್ಯೆ ಕಾಣೆಯಾಗಿರುವ ಸಂಭವವೇ ಹೆಚ್ಚು. ಕೊಳ್ಳುವುದಾದರೆ ಕಾರಿನ ವರ್ಷಕ್ಕೆ ಹತ್ತಿರದ ಮುದ್ರಣವನ್ನು ಕೊಳ್ಳಿ. ಜೋಡಣೆ ಕೈಪಿಡಿ ಕೆಲಸಗಾರನಿಗಾಗಿ ಬರೆದದ್ದು: ಯಾವ ಕ್ಲಾಂಪು ಯಾವ ದಿಕ್ಕಿಗೆ ಮುಖ ಮಾಡಬೇಕು ಎಂಬುದೂ ಅದರಲ್ಲಿ ಚಿತ್ರಸಹಿತ ಇರುತ್ತದೆ.

ಬೋಲ್ಟಿನ ತಲೆ

ಮತ್ತೆ ನನ್ನ ಡಬ್ಬಿಗೆ ಬರೋಣ. ಅಮೆರಿಕದ ಬೋಲ್ಟಿನ ತಲೆಯ ಮೇಲೆ ಮೂರು ಗೀಟಿದ್ದರೆ ಅದು ಐದನೆಯ ದರ್ಜೆಯ ಉಕ್ಕು, ಆರು ಗೀಟಿದ್ದರೆ ಎಂಟನೆಯದು. ಗೀಟುಗಳ ಜೊತೆ ತಯಾರಕರ ಮುದ್ರೆಯೂ ಇರುತ್ತದೆ. ‘ಆರ್‌ಬಿಡಬ್ಲ್ಯು’ ಎಂದಿದ್ದರೆ ರಸೆಲ್, ಬರ್ಡ್‌ಸಾಲ್ ಅಂಡ್ ವಾರ್ಡ್ ಕಂಪನಿಯದು. ಜರ್ಮನಿಯ ಕಾರುಗಳಲ್ಲಿ 8.8 ಎಂಬ ದರ್ಜೆಯ ಜೊತೆಗೆ ‘ಕಾಮಾಕ್ಸ್’ ಅಥವಾ ‘ವೆರ್ಬಸ್’ ಎಂಬ ಹೆಸರನ್ನು ಓದಬಹುದು. ನಾನು ಗುಜರಿಗೆ ಹಾಕಿದ್ದು ಇಂಥ ಹೆಸರುಗಳನ್ನು. ಸ್ಟೇನ್‌ಲೆಸ್ ಬೋಲ್ಟಿನ ತಲೆ ಬೋಳು, ಅಥವಾ ಅದರ ಮೇಲೆ ಆ ಕಾಲದಲ್ಲಿ ಯಾರೂ ಕೇಳಿರದ ಮುದ್ರೆ.

ಲೇಪದ್ದು ಇನ್ನೊಂದು ಕಥೆ. ಹಳೆಯ ಕಾರುಗಳ ಬ್ರಾಕೆಟ್ಟು, ಸ್ಪ್ರಿಂಗು, ಕ್ಲಿಪ್ಪುಗಳ ಮೇಲೆ ಕ್ಯಾಡ್ಮಿಯಂ ಇರುತ್ತಿತ್ತು: ಮಂದವಾದ, ತುಸು ಬೆಚ್ಚನೆಯ ಬೆಳ್ಳಿ ಬಣ್ಣ. ಅದು ವಿಷವಾದ್ದರಿಂದ ಇಂದು ಅದನ್ನು ಹಾಕುವವರು ಕಡಿಮೆ, ಲೇಪದ ಅಂಗಡಿಯವರು ಅದರ ಬದಲು ಸತುವನ್ನೇ ಕೊಟ್ಟು ಸಾಗಹಾಕುತ್ತಾರೆ. ಸತುವಿನ ಹೊಳಪಿಗೆ ನೀಲಿಯ ಛಾಯೆಯಿದೆ. ಎರಡನ್ನೂ ಪಕ್ಕದಲ್ಲಿಟ್ಟು ಹಗಲು ಬೆಳಕಿನಲ್ಲಿ ನೋಡಿದರೆ ಒಂದು ಸಲಕ್ಕೆ ಗೊತ್ತಾಗುತ್ತದೆ. ಕೆಲವಕ್ಕೆ ಫಾಸ್ಫೇಟ್ ಮಾಡಿ ಎಣ್ಣೆ ಸವರಿದ ಕಪ್ಪು ಬೂದು ಮೈ, ಕೆಲವಕ್ಕೆ ಏನೂ ಇಲ್ಲದ ಬರಿ ಉಕ್ಕು. ಬರಿ ಉಕ್ಕನ್ನು ತುಕ್ಕು ಹಿಡಿಯದಂತೆ ಇಟ್ಟುಕೊಳ್ಳುವುದೇ ದೊಡ್ಡ ತಪಸ್ಸು. ತೀರ್ಪಿನ ಹಿಂದಿನ ರಾತ್ರಿ ಎಣ್ಣೆ ಬಟ್ಟೆ ಹಿಡಿದು ಕಾರಿನ ಕೆಳಗೆ ಮಲಗುವವರು ಇದ್ದಾರೆ.

ಹುಡುಕುವುದು, ಕೊಳ್ಳುವುದು

ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ 1955ರಿಂದ, ಇಂಗ್ಲೆಂಡಿನ ಬ್ಯೂಲಿಯಲ್ಲಿ 1967ರಿಂದ ಹಳೆಯ ಭಾಗಗಳ ಸಂತೆ ಸೇರುತ್ತಿದೆ. ಅಲ್ಲಿಗೆ ಹೋಗಲಾಗದಿದ್ದರೂ ಅದೇ ಮಾದರಿಯ ಕಾರುಗಳ ಸಂಘಕ್ಕೆ ಸದಸ್ಯರಾಗಿ. ಭಾಗ ಸಿಗುವ ಮೊದಲು ಜನ ಸಿಗಬೇಕು. ತೀರ್ಪು ಬರೆಯುವವರೇ ಅಲ್ಲಿ ಇರುತ್ತಾರೆ, ಕೇಳಿದರೆ ಹೇಳುತ್ತಾರೆ. ಅವರು ಬಳಸುವ ಕೈಪಿಡಿಯನ್ನೇ ಕೊಂಡು ಓದುವುದರಲ್ಲಿ ನಾಚಿಕೆಯೇನಿಲ್ಲ. ಪ್ರಶ್ನೆಪತ್ರಿಕೆ ಮೊದಲೇ ಸಿಗುವ ಪರೀಕ್ಷೆ ಇದು.

ಒಂದು ಭಾಗ ಬೇರೆ ಯಾವ ಯಾವ ಕಾರುಗಳಿಗೂ ಬರುತ್ತಿತ್ತು ಎಂದು ತಿಳಿದರೆ ಹುಡುಕುವ ಬಯಲು ದೊಡ್ಡದಾಗುತ್ತದೆ. 1930ರ ದಶಕದಿಂದ ಪ್ರಕಟವಾಗುತ್ತ ಬಂದ ಹಾಲಂಡರ್ ಕೈಪಿಡಿಗಳು ಇದನ್ನೇ ಹೇಳುತ್ತವೆ. ಬ್ರಿಟಿಷ್ ಕಾರುಗಳಲ್ಲಂತೂ ಲ್ಯೂಕಸ್ ಕಂಪನಿಯ ಒಂದೇ ಸ್ವಿಚ್ಚು ಶ್ರೀಮಂತನ ಜಾಗ್ವಾರಿಗೂ ಬಡವನ ಮೋರಿಸ್ಸಿಗೂ ಬರುತ್ತಿತ್ತು. ಜಾಗ್ವಾರಿನದೆಂದು ಕೇಳಿದರೆ ಒಂದು ಬೆಲೆ, ಮೋರಿಸ್ಸಿನದೆಂದು ಕೇಳಿದರೆ ಇನ್ನೊಂದು.

ದೂರದಿಂದ ಕೊಳ್ಳುವಾಗ ಎರಕದ ಸಂಖ್ಯೆ, ದಿನಾಂಕ, ಬೋಲ್ಟು ಕೂರುವ ಕಿವಿಗಳು, ಒಳಮೈ ಇಷ್ಟರ ಫೋಟೊ ಕೇಳಿ. ‘ದಿನಾಂಕ ಸರಿಯಾಗಿ ಓದಲಾಗುತ್ತಿಲ್ಲ’ ಎನ್ನುವವನಿಗೆ ಸೀಮೆಸುಣ್ಣ ಉಜ್ಜಿ ಓರೆಯಿಂದ ಟಾರ್ಚ್ ಬಿಟ್ಟು ಮತ್ತೆ ತೆಗೆದು ಕಳಿಸೆನ್ನಿ. ಕಳಿಸದಿದ್ದರೆ ಓದಲು ಬರುತ್ತಿದೆ ಎಂದೇ ತಿಳಿಯಿರಿ.

ಇನ್ನು ಮೋಸದ ವಿಷಯ. ಎಂಜಿನ್ನಿನ ಚಪ್ಪಟೆ ಜಾಗದ ಹಳೆಯ ಸಂಖ್ಯೆಯನ್ನು ಉಜ್ಜಿ ಅಳಿಸಿ, ಕಾರಿಗೆ ಹೊಂದುವ ಹೊಸ ಸಂಖ್ಯೆ ಒತ್ತುವುದು ಹಳೆಯ ಚಾಳಿ. ಆದರೆ ಕಾರ್ಖಾನೆಯಲ್ಲಿ ಆ ಮೇಲ್ಮೈಯನ್ನು ಬ್ರೋಚ್ ಎಂಬ ಯಂತ್ರ ಸವರುತ್ತಿದ್ದಾಗ ಎಂಜಿನ್ನಿನ ಉದ್ದಕ್ಕೂ ಸಮಾನಾಂತರ ಸಣ್ಣ ಗೆರೆಗಳು ಬೀಳುತ್ತಿದ್ದವು. ಉಜ್ಜಿದರೆ ಅವೂ ಹೋಗುತ್ತವೆ. ತೀರ್ಪುಗಾರ ಭೂತಗನ್ನಡಿ ಹಿಡಿದು ಮೊದಲು ಹುಡುಕುವುದು ಅಕ್ಷರವನ್ನಲ್ಲ, ಆ ಗೆರೆಗಳನ್ನು. ವಾಹನದ ಗುರುತಿನ ಸಂಖ್ಯೆಯನ್ನು ತಿದ್ದುವುದು ಅನೇಕ ದೇಶಗಳಲ್ಲಿ ಅಪರಾಧವೂ ಹೌದು. ಬೇರೆ ಎಂಜಿನ್ ಇದ್ದರೆ ಇದೆ ಎಂದು ಬರೆದುಕೊಟ್ಟು ಅಂಕ ಬಿಟ್ಟುಬಿಡಿ.

ಅಂಕ ಬಿಡುವ ಲೆಕ್ಕ

ಐದು ಕೋನಗಳ ಮಾತು ಬಾಕಿಯಿತ್ತು. ಆಲ್ಟರ್ನೇಟರ್‌ಗೆ 25 ಅಂಕ ಇದೆ ಎಂದು ಭಾವಿಸೋಣ. ರೂಪ, ಪೂರ್ಣತೆ, ಜೋಡಣೆ, ಲೇಪ ಎಲ್ಲ ಸರಿಯಿದ್ದು ದಿನಾಂಕವೊಂದೇ ತಪ್ಪಾಗಿದ್ದರೆ ಹೋಗುವುದು ಐದನೆಯ ಒಂದು ಪಾಲು, ಅಂದರೆ 5 ಅಂಕ. ಆ 5 ಅಂಕಕ್ಕಾಗಿ ಸರಿಯಾದ ದಿನಾಂಕದ ಆಲ್ಟರ್ನೇಟರಿಗೆ ಹತ್ತು ಪಟ್ಟು ಬೆಲೆ ತೆರುವುದು ನಿಮ್ಮ ಹಟಕ್ಕೆ ಬಿಟ್ಟದ್ದು. ಅದೇ ದುಡ್ಡಿನಲ್ಲಿ ಇಡೀ ಎಂಜಿನ್ ಕೋಣೆಯ ಕ್ಲಾಂಪು, ಬೋಲ್ಟು, ತಂತಿಗಳನ್ನು ಸರಿಪಡಿಸಿದರೆ ಮೂವತ್ತು ನಲವತ್ತು ಅಂಕ ಬರಬಹುದು. ಕಣ್ಣಿಗೆ ದೊಡ್ಡದಾಗಿ ಕಾಣುವ ಭಾಗದ ಹಿಂದೆ ಬಿದ್ದು ಸಣ್ಣವನ್ನು ಮರೆಯುವವರೇ 93ಕ್ಕೆ ನಿಂತುಬಿಡುತ್ತಾರೆ.

ಟೈರಿನ ಲೆಕ್ಕವೂ ಹೀಗೆಯೇ. ಅಡ್ಡನೂಲಿನ ಹಳೆಯ ಬಗೆಯ ಟೈರುಗಳನ್ನು ಈಗಲೂ ಹಳೆಯ ಹೆಸರಿನಲ್ಲಿ ತಯಾರಿಸುತ್ತಾರೆ. ಆ ಕಾಲದ ಕಾರಿಗೆ ರೇಡಿಯಲ್ ಹಾಕಿ ನಿಲ್ಲಿಸಿದರೆ ಅಂಕ ಹೋಗುತ್ತದೆ. ಅಡ್ಡನೂಲಿನದನ್ನು ಹಾಕಿ ಹೆದ್ದಾರಿಯಲ್ಲಿ ಓಡಿಸಿದರೆ ಕಾರು ತನ್ನ ಮನಸ್ಸಿಗೆ ಬಂದ ಕಡೆ ಹೋಗುತ್ತದೆ. ಹಾಗಾಗಿ ಅನೇಕರ ಬಳಿ ಎರಡು ಜೊತೆ ಚಕ್ರಗಳಿರುತ್ತವೆ.

ನನ್ನ ಬೋಲ್ಟುಗಳು ಮತ್ತೆ ಸಿಗಲಿಲ್ಲ. ಆದರೆ ಅದೇ ಮಾದರಿಯ, ಎರಡು ತಿಂಗಳ ಅಂತರದಲ್ಲಿ ಹುಟ್ಟಿದ ಒಂದು ಕಾರು ಹಿಂಬದಿ ಪೂರ್ತಿ ಜಜ್ಜಿಹೋಗಿ ತುಂಡುತುಂಡಾಗಿ ಮಾರಾಟವಾಗುತ್ತಿತ್ತು. ಎಂಜಿನ್, ಬಾಗಿಲು, ಸೀಟು ಎಲ್ಲ ಹೋಗಿದ್ದವು. ಉಳಿದಿದ್ದ ಒಂದು ಬಕೆಟ್ ತುಕ್ಕು ಬೋಲ್ಟನ್ನು ನಾನು ತೆಗೆದುಕೊಂಡೆ, ಸ್ಟೇನ್‌ಲೆಸ್ಸಿನದಕ್ಕೆ ಕೊಟ್ಟಿದ್ದಕ್ಕಿಂತ ಹೆಚ್ಚು ಬೆಲೆ ಕೊಟ್ಟು. ಮಾರುವವನು ನನ್ನನ್ನು ಒಮ್ಮೆ, ಬಕೆಟ್ಟನ್ನು ಒಮ್ಮೆ ನೋಡಿದ. ಬಕೆಟ್ಟಿಗೆ ಬೇರೆ ದುಡ್ಡು ಕೇಳಿದ.